ಮಧ್ಯಾಹ್ನವಾದರೆ ಆರಿಹೋಗುವ ಹಳೆ ಡೆಸ್ಕ್‌ಟಾಪ್: ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ?

ಆಳಂದ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಆಳಂದದಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ ಇದೆ. ಅರ್ಜಿ, ಬಾಂಡ್ ಪೇಪರ್, ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಇದೇ ಕೆಲಸ. ಎಲ್ಲವೂ ಒಂದೇ ಡೆಸ್ಕ್‌ಟಾಪ್ ಮೇಲೆ. 2013ರಲ್ಲಿ ಕೊಂಡಿದ್ದು. ಐ3-3220 ಪ್ರೊಸೆಸರ್, ಎಚ್61 ಬೋರ್ಡ್, 2 ಜಿಬಿಯ ಎರಡು ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900.

ತೊಂದರೆ ಒಂದೇ ಅಲ್ಲ. ಬೆಳಿಗ್ಗೆ ಚೆನ್ನಾಗಿಯೇ ನಡೆಯುತ್ತದೆ. ಬಿಸಿಲು ಏರಿದ ಮೇಲೆ ಫಟ್ ಅಂತ ಆರಿಹೋಗುತ್ತದೆ. ತಕ್ಷಣ ಆನ್ ಮಾಡಿದರೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಮತ್ತೆ ನಡೆಯುತ್ತದೆ. ಕರೆಂಟ್ ಹೋಗಿ ಬಂದರೆ ಗಡಿಯಾರ ಯಾವುದೋ ಹಳೆ ತಾರೀಖಿಗೆ ಹೋಗಿರುತ್ತದೆ. ಆಗ ಸೇವಾ ಸಿಂಧು ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಅಂತ ತೋರಿಸುತ್ತದೆ. ಕೆಲವೊಮ್ಮೆ ಪರದೆಯೇ ಬರುವುದಿಲ್ಲ, ಬರೀ ಬೀಪ್ ಸದ್ದು. ಈಗೀಗ ಡಿಸ್ಕ್ ಒಳಗಿಂದ ಟಕ್ ಟಕ್ ಅಂತ ಬೇರೆ ಕೇಳಿಸುತ್ತಿದೆ.

ರಿಪೇರಿಯವರಿಗೆ ತೋರಿಸಿದೆ. ಮದರ್‌ಬೋರ್ಡ್ ಹೋಗಿದೆ, ಪೂರ್ತಿ ಸೆಟ್ ಬದಲಿಸಿ ಅಂದರು. ಅಷ್ಟು ದುಡ್ಡು ಈಗ ನನ್ನ ಕೈಯಲ್ಲಿಲ್ಲ. ಇಷ್ಟು ವರ್ಷದ ಗಿರಾಕಿಗಳ ಫೈಲುಗಳೆಲ್ಲ ಇದರಲ್ಲೇ ಇವೆ. ಏನು ಮಾಡಲಿ?

ಬೀದರ್ ಪೆಂಗ್ವಿನ್

ಮೂರನೇ ಜನರೇಷನ್ ಇಂಟೆಲ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಎಂಟನೇ ಜನರೇಷನ್‌ನಿಂದ ಮೇಲೆ ಬೇಕು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೂಡ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಿ, ಹಗುರವಾಗಿ ಓಡುತ್ತದೆ. ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ.

ಕಲಬುರಗಿ ಬೆಂಚ್

ಪೆಂಗ್ವಿನ್ ಅವರೇ, ಓಎಸ್ ಮಾತು ಕೊನೆಗೆ ಇಟ್ಟುಕೊಳ್ಳೋಣ. ಆಳಂದದವರೇ, ಇದನ್ನು ಓದಿದ ಕೂಡಲೇ ದಯವಿಟ್ಟು ಆ ಮಷಿನ್ ಆರಿಸಿ.

ಟಕ್ ಟಕ್ ಸದ್ದು ಅಂದರೆ ಡಿಸ್ಕ್‌ನ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿದೆ. ಬೋರ್ಡ್, ರ‍್ಯಾಮ್, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬಿ) ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮ ಗಿರಾಕಿಗಳ ಕಾಗದ ಸಿಗುವುದಿಲ್ಲ. ಎಷ್ಟೋ ಜನರ ಹಿಸ್ಸಾ ಪತ್ರ, ಕರಾರು ಪತ್ರ ಅದರಲ್ಲಿ ಇರುತ್ತವೆ ಅಲ್ವಾ? ಅದನ್ನು ಉಳಿಸುವುದೇ ಮೊದಲ ಕೆಲಸ.

ಡಿಸ್ಕ್ ಬಿಚ್ಚಿ, ಚೆನ್ನಾಗಿರುವ ಬೇರೆ ಡೆಸ್ಕ್‌ಟಾಪ್ ಒಳಗಿನ ಸಾಟಾ ಮತ್ತು ಪವರ್ ಕೇಬಲ್‌ಗೆ ಹಚ್ಚಿ. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ಕೇಬಲ್ ಸಾಲದು. ಅಲ್ಲಿ ಸದ್ದು ನಿಂತರೆ ತಪ್ಪು ನಿಮ್ಮ ಎಸ್‌ಎಂಪಿಎಸ್‌ದೂ ಇರಬಹುದು. ವೋಲ್ಟೇಜ್ ಕುಸಿದರೂ ಡಿಸ್ಕ್ ಹೀಗೆ ಬಡಿದುಕೊಳ್ಳುತ್ತದೆ. ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ತೆರೆದು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾದ ಜಾಗ) ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾಗುತ್ತಿರುವ ಜಾಗ) ಸಾಲು ನೋಡಿ. ಎರಡೂ ಸೊನ್ನೆ ಇರಬೇಕು. ಪೆಂಡಿಂಗ್ ಏರುತ್ತಾ ಹೋದರೆ ಡಿಸ್ಕ್ ಸಾಯುತ್ತಿದೆ ಅಂತಲೇ ತಿಳಿಯಿರಿ.

ಮೊದಲು ಗಿರಾಕಿಗಳ ಫೋಲ್ಡರ್ ನಕಲು ಮಾಡಿ. ಆಮೇಲೆ ನುಡಿಯ ಫಾಂಟ್‌ಗಳು. ಹಳೆ ಲಗ್ನಪತ್ರಿಕೆಗಳು ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿ ಇದ್ದರೆ, ಅದೇ ಫಾಂಟ್ ಇಲ್ಲದೆ ಅಕ್ಷರ ಓದಲು ಬರುವುದಿಲ್ಲ. ಹಾಡು, ಸಿನಿಮಾ ಕೊನೆಗೆ. ಈ ಡಿಸ್ಕ್ ಮೇಲೆ ವಿಂಡೋಸ್‌ನ ತಪಾಸಣೆ ಚೆಕ್‌ಡಿಸ್ಕ್ ಓಡಿಸಬೇಡಿ. ಆ್ಯಂಟಿವೈರಸ್ ಸ್ಕ್ಯಾನ್ ಬೇಡ, ಇಡೀ ಡಿಸ್ಕಿನ ನಕಲು (ಕ್ಲೋನ್) ಕೂಡ ಬೇಡ. ಸೋತ ಹೆಡ್ಡಿಗೆ ಎಲ್ಲ ಸೆಕ್ಟರ್ ಓದುವ ಕೆಲಸ ಕೊಟ್ಟರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಬೇಕಾದ ಫೋಲ್ಡರ್ ಒಳಗೇ ಉಳಿಯುತ್ತದೆ.

ಇನ್ನು ಆರಿಹೋಗುವುದು. ತಣ್ಣಗಿದ್ದಾಗ ನಡೆಯುತ್ತದೆ, ಬಿಸಿಯಿದ್ದಾಗ ಎರಡು ನಿಮಿಷ. ಇದು ಕಾವಿನ ಲಕ್ಷಣ. ಪ್ರೊಸೆಸರ್ ಕಾವು ಎಳೆಯುವ ಲೋಹದ ಹೀಟ್‌ಸಿಂಕ್ ಎಷ್ಟೇ ಒಳ್ಳೆಯದಿರಲಿ, ಸುತ್ತಲಿನ ಗಾಳಿಗಿಂತ ತಣ್ಣಗೆ ಇರಲಾರದು. ಬೆಂಗಳೂರಿನಲ್ಲಿ ಕೋಣೆ 27 ಡಿಗ್ರಿ ಇದ್ದಾಗ 65ರಲ್ಲಿ ಓಡುವ ಪ್ರೊಸೆಸರ್, ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಸುಮ್ನೆ 80 ಮುಟ್ಟುತ್ತದೆ. ತಗಡಿನ ಚಾವಣಿ ಇದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಧೂಳು ಕೂತರೆ 100 ದೂರವಿಲ್ಲ. ಅಲ್ಲಿ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಆಮೇಲೂ ಕಾವು ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಮಷಿನ್ ಆರಿಸುತ್ತದೆ.

ಪ್ಲಗ್ ಕಿತ್ತು ಸೈಡ್ ಪ್ಯಾನೆಲ್ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಆಮೇಲೆ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್ ಒಂದೊಂದಾಗಿ ಅಲ್ಲಾಡಿಸಿ ನೋಡಿ. ಒಂದು ಸಡಿಲಾದರೂ ಹೀಟ್‌ಸಿಂಕ್ ಓರೆಯಾಗಿ ಕೂಡುತ್ತದೆ. ಬೋರ್ಡ್ ಹೋಗಿದೆ ಅಂತ ನನ್ನ ಬೆಂಚಿಗೆ ಬರುವ ಈ ಕಾಲದ ಮಷಿನ್‌ಗಳಲ್ಲಿ ಈ ಪಿನ್ನಿನ ತಂಟೆಯೇ ಜಾಸ್ತಿ. ಜನ ಸಾಲ ಮಾಡಿ ಹೊಸ ಸೆಟ್ ಒಯ್ಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ನಡುವೆ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಪಿನ್‌ಗಳನ್ನು ಎದುರುಬದುರು ಒತ್ತಿ. ನಾಲ್ಕೂ ಟಕ್ ಅನ್ನಬೇಕು.

ಗಡಿಯಾರಕ್ಕೆ ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಿಸಿ. ಗಡಿಯಾರ ಅಂಗಡಿಯಲ್ಲೂ ಸಿಗುತ್ತದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗೆ ಆರಂಭ, ಕೊನೆಯ ತಾರೀಖು ಇರುತ್ತದೆ. ನಿಮ್ಮ ತಾರೀಖು ಹಿಂದೆ ಹೋದರೆ ಬ್ರೌಸರ್ ನಂಬುವುದಿಲ್ಲ, ಅಷ್ಟೇ.

ಬೀಪ್‌ಗೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಬಂಗಾರದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ, ಒಂದೊಂದೇ ಹಾಕಿ ನೋಡಿ. ಇಷ್ಟು ಆಗುವವರೆಗೆ ಏನೂ ಕೊಳ್ಳಬೇಡಿ.

ಶಹಾಪುರ ಮಲ್ಟಿಮೀಟರ್

ಯಾದಗಿರಿ ಜಿಲ್ಲೆಯಿಂದ. ಬೆಂಚ್ ಅವರ ಮಾತು ಸರಿ, ಆದರೆ ಪ್ರೊಸೆಸರ್ ಕಾವು ಅಂತ ಈಗಲೇ ತೀರ್ಮಾನ ಬೇಡ. ಹಳೆ ಎಸ್‌ಎಂಪಿಎಸ್ ಕೂಡ ಬಿಸಿಗೆ ಸೋಲುತ್ತದೆ. ಒಳಗಿನ ಕೆಪಾಸಿಟರ್ ಒಣಗಿರುತ್ತವೆ. ಎರಡೂ ಹೊರಗಿಂದ ಒಂದೇ ಥರ ಕಾಣುತ್ತವೆ.

ಪ್ರೊಸೆಸರ್ ಕಾವು ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ಸಾಫ್ಟ್‌ವೇರ್ ತೆರೆದಿಟ್ಟು ಕೆಲಸ ಮಾಡಿ. ಆರುವ ಹೊತ್ತಿಗೆ 95, 100 ಇದ್ದರೆ ಕೂಲರ್. 60ರಲ್ಲೇ ಆರಿದರೆ ಎಸ್‌ಎಂಪಿಎಸ್ ನೋಡಿ. ಮಷಿನ್ ಓಡುತ್ತಿರುವಾಗ ಹಳೆ ಮಾದರಿ ಡಿಸ್ಕ್‌ಗಳ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪು ವೈರ್ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪು ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಎಸ್‌ಎಂಪಿಎಸ್ ಡಬ್ಬಿ ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಇರುತ್ತದೆ.

ವಿಂಡೋಸ್‌ನ ಘಟನೆಗಳ ದಾಖಲೆ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅಂಗಡಿಯ ಅರ್ಥಿಂಗ್ ಕೂಡ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ತಡಮಾಡಬೇಡಿ.

ಆಳಂದ ಡಿಟಿಪಿ

ನಿಮಗೆಲ್ಲ ತುಂಬಾ ಧನ್ಯವಾದ. ಗೆಳೆಯನ ಮಷಿನ್‌ಗೆ ಹಚ್ಚಿ ಗಿರಾಕಿಗಳ ಫೋಲ್ಡರ್ ತೆಗೆದುಕೊಂಡೆ. ಕೆಲವು ಹಳೆ ಲಗ್ನಪತ್ರಿಕೆ ಮಾತ್ರ ತೆರೆಯಲಿಲ್ಲ, ಉಳಿದದ್ದೆಲ್ಲ ಸಿಕ್ಕಿತು. ಅಲ್ಲಿಯೂ ಸದ್ದು ಬಂತು, ಪೆಂಡಿಂಗ್ ಸೆಕ್ಟರ್ ಏರುತ್ತಲೇ ಇತ್ತು.

ಎಚ್‌ಡಬ್ಲ್ಯೂ ಮಾನಿಟರ್ ನೋಡಲೆಂದು ಅವನ ಹತ್ತಿರ ಬಿದ್ದಿದ್ದ ಹಳೆ ಡಿಸ್ಕ್ ಹಾಕಿಕೊಂಡೆ. ಆರುವ ಮುಂಚೆ 98 ತೋರಿಸಿತು. ಪ್ಯಾನೆಲ್ ತೆಗೆದರೆ ಎರಡು ಪಿನ್ ಮೇಲೆ ಬಂದಿದ್ದವು. ಪೇಸ್ಟ್ ಹಚ್ಚಿ ಕೂಡಿಸಿದ ಮೇಲೆ ಮಧ್ಯಾಹ್ನವೂ 70 ದಾಟುತ್ತಿಲ್ಲ. 12 ವೋಲ್ಟ್ ಸಾಲಿನಲ್ಲಿ 11.9 ಬರುತ್ತದೆ. ಸೆಲ್ ಬದಲಿಸಿದೆ. ಒಂದು ರ‍್ಯಾಮ್ ಯಾವ ಸ್ಲಾಟ್‌ಗೆ ಹಾಕಿದರೂ ಬೀಪ್ ಹೊಡೆಯುತ್ತದೆ, ಇನ್ನೊಂದು ಸರಿ ಇದೆ.

ಈಗ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಕೊಳ್ಳಬೇಕು. ಐ5 ಕೂಡ ಹಾಕಿಸಲಾ? ವಿಂಡೋಸ್ ಏನು ಮಾಡಲಿ?

ಕಲಬುರಗಿ ಬೆಂಚ್

ಓದಿ ನಿಜಕ್ಕೂ ಸಂತೋಷವಾಯಿತು. ಫೈಲುಗಳ ಇನ್ನೊಂದು ನಕಲು ಬೇರೆ ಜಾಗದಲ್ಲಿ, ಮನೆಯಲ್ಲಿ ಇಡಿ.

ಐ5 ಬೇಡ. ನಿಮ್ಮ ಕೆಲಸಕ್ಕೆ ಐ3 ಸಾಕು. ಐ5-3470 ಅಂದರೆ 77 ವ್ಯಾಟ್, ಈಗಿನದು 55. ಈ ಬಿಸಿಲಲ್ಲಿ ಆ ಕಾವು ಯಾಕೆ? ದುಡ್ಡನ್ನು 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕಿ, 240 ಅಥವಾ 256 ಜಿಬಿ ಸಾಕು. ಎಚ್61 ಬೋರ್ಡ್‌ನಲ್ಲಿ ಸಾಟಾ ವೇಗ 3 ಗಿಗಾಬಿಟ್ ಮಾತ್ರ, ಸೆಕೆಂಡಿಗೆ ಸುಮಾರು 270 ಎಂಬಿಗೆ ನಿಲ್ಲುತ್ತದೆ. ಚಿಂತೆ ಬೇಡ. ಹಳೆ ಡಿಸ್ಕ್ ನಿಧಾನ ಅನಿಸಿದ್ದು ಚಿಕ್ಕ ಚಿಕ್ಕ ಫೈಲ್ ಹುಡುಕುವುದರಲ್ಲಿ, ಆ ಕಾಯುವಿಕೆ ಪೂರ್ತಿ ಹೋಗುತ್ತದೆ. ವಿಂಡೋಸ್ ಹಾಕುವ ಮೊದಲು ಬಯಾಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆ) ಸಾಟಾ ಮೋಡ್ ಎಎಚ್‌ಸಿಐ ಮಾಡಿ. ಮುಂದೆ ಎಂದಾದರೂ ಸೆಲ್ ಸತ್ತು ಅದು ಹಳೆ ಐಡಿಇ ಮೋಡ್‌ಗೆ ಮರಳಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಆಗಲೂ ಬೋರ್ಡ್ ಹೋಗಿದೆ ಅನ್ನುವವರು ಸಿಗುತ್ತಾರೆ, ನಂಬಬೇಡಿ.

ಪೆಂಗ್ವಿನ್ ಅವರ ಸಲಹೆ ಅರ್ಧ ತೆಗೆದುಕೊಳ್ಳಿ. ನಿಮ್ಮ 2900 ಕ್ಯಾನನ್‌ನ ಸ್ವಂತ ಕ್ಯಾಪ್ಟ್ ಭಾಷೆಯ ಪ್ರಿಂಟರ್, ಲಿನಕ್ಸ್‌ನಲ್ಲಿ ಕೂಡಿಸುವುದು ಸುಲಭವಲ್ಲ. ನುಡಿ ಮತ್ತು ಹಳೆ ಡಿಟಿಪಿ ಫೈಲ್‌ಗೆ ವಿಂಡೋಸ್ 10 ಬೇಕೇ ಬೇಕು. ಅದರಲ್ಲಿ ಇಎಸ್‌ಯುಗೆ (ಮೈಕ್ರೋಸಾಫ್ಟ್‌ನ ಹೆಚ್ಚುವರಿ ಅಪ್‌ಡೇಟ್ ಯೋಜನೆ) ಹೆಸರು ಹಚ್ಚಿದರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಪಕ್ಕದಲ್ಲೇ 40 ಜಿಬಿ ಬಿಟ್ಟು ಮಿಂಟ್ ಹಾಕಿಕೊಳ್ಳಿ. ಆಮೇಲೆ ಗಿರಾಕಿಗಳ ಆಧಾರ್, ಬ್ಯಾಂಕ್, ಅರ್ಜಿಯ ಆನ್‌ಲೈನ್ ಕೆಲಸವೆಲ್ಲ ಅದರಲ್ಲಿ ಮಾಡಿ. ಜನ ನಂಬಿ ಒಟಿಪಿ ಹೇಳುತ್ತಾರೆ, ಆ ಮಷಿನ್ ಭದ್ರವಾಗಿರಲೇಬೇಕು.

ರ‍್ಯಾಮ್ ಕೊಳ್ಳುವಾಗ ಸರಿಯಾಗಿ ನೋಡಿ. ಡಿಡಿಆರ್3 1600, 4 ಜಿಬಿಯ ಎರಡು ಸಾಕು. ಎಎಂಡಿಗೆ ಮಾತ್ರ ಅಂತ ಅಗ್ಗಕ್ಕೆ ಮಾರುವ ಸ್ಟಿಕ್ ಇರುತ್ತವೆ, ಅವು ನಿಮ್ಮ ಇಂಟೆಲ್ ಬೋರ್ಡ್‌ನಲ್ಲಿ ಓಡುವುದಿಲ್ಲ. ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹುಡುಕಿದರೆ ಬಳಸಿದ್ದು ಸಿಗಬಹುದು. ಹೈದರಾಬಾದ್‌ಗೆ ಹೋಗುವವರಿದ್ದರೆ ಸಿಕಂದರಾಬಾದ್‌ನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಯಲ್ಲಿ ಕೇಳಿಸಿ. ಕ್ಯಾಬಿನೆಟ್ಟನ್ನೇ ಒಯ್ದು ಅವರ ಎದುರೇ ಹಾಕಿಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ಸುತ್ತು ತಪ್ಪಿಲ್ಲದೆ ಮುಗಿದ ಮೇಲೆ ದುಡ್ಡು ಕೊಡಿ.

ಬೀದರ್ ಪೆಂಗ್ವಿನ್

ಒಪ್ಪಿದೆ, ಡಿಟಿಪಿಗೆ ವಿಂಡೋಸ್ ಇರಲಿ. ಮೊದಲು ವಿಂಡೋಸ್, ಆಮೇಲೆ ಮಿಂಟ್, ಈ ಕ್ರಮದಲ್ಲೇ ಹಾಕಿ. ತಿರುಗಾಮುರುಗಾ ಮಾಡಿದರೆ ವಿಂಡೋಸ್ ತನ್ನ ಬೂಟ್ ಲೋಡರ್ ಬರೆದು ಮಿಂಟ್ ಮೆನುವನ್ನು ಮರೆಮಾಡುತ್ತದೆ. ಮಿಂಟ್‌ನ ಎಕ್ಸ್ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಹೊಸ ರ‍್ಯಾಮ್ ಬರುವವರೆಗೆ ಆ ಒಂದು 2 ಜಿಬಿಯಲ್ಲೂ ನಡೆಯುತ್ತದೆ, ಬ್ರೌಸರ್‌ನಲ್ಲಿ ಟ್ಯಾಬ್ ಮಾತ್ರ ಕಡಿಮೆ ಇಟ್ಟುಕೊಳ್ಳಿ.