ಮರಗೆಲಸದ ಶೆಡ್ಡಿಗೆ ಯಾವ ಕಟ್ಟಿಗೆ ಒಲೆ ತಗೊಳ್ಳಲಿ?

ಪ್ರಶ್ನೆ: ಸರ್, ನಮಸ್ಕಾರ. ನಾನು ಮರಗೆಲಸ ಮಾಡುವವನು. ಶೆಡ್ 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಇದೆ. ಮೇಲೆ ಬರೀ ತಗಡು. ಚಳಿಗಾಲದ ಬೆಳಗ್ಗೆ ಉಳಿ ಹಿಡಿದರೆ ಬೆರಳು ಮರಗಟ್ಟುತ್ತವೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಈಗ ಹಳೇ ಡ್ರಮ್ ಕತ್ತರಿಸಿ ಮಾಡಿದ ಒಲೆ ಇದೆ. ಸೌದೆ ರಾಶಿಗಟ್ಟಲೆ ತಿನ್ನುತ್ತದೆ. ಅದರ ಪಕ್ಕ ನಿಂತರೆ ಮೈ ಸುಡುತ್ತದೆ, ಬೆಂಚಿನ ಹತ್ತಿರ ಚಳಿ ಹಾಗೇ ಇರುತ್ತದೆ. 15 ಕಿಲೋವ್ಯಾಟಿನ ದೊಡ್ಡ ಒಲೆ ತಗೊಂಡುಬಿಡೋಣ ಅಂತಿದ್ದೇನೆ. ಸರೀನಾ?

ಉತ್ತರ: ನಮಸ್ಕಾರ. ಒಲೆ, ಚಿಮಣಿ ಕೂರಿಸುವುದೇ ನನ್ನ ಕೆಲಸ. ಒಲೆ ನೋಡಲು ಹೋಗುವ ಮೊದಲು ಒಮ್ಮೆ ತಲೆ ಎತ್ತಿ ತಗಡು ನೋಡಿ. ನಿಮ್ಮ ಬಿಸಿ ಎಲ್ಲ ಹೋಗುತ್ತಿರುವುದು ಅಲ್ಲಿಂದ.

ನಿಮ್ಮ ಶೆಡ್ 144 ಘನ ಮೀಟರ್ ಆಯ್ತು. ನಮ್ಮಲ್ಲಿ ಒಂದು ಅಂದಾಜು ಲೆಕ್ಕ ಇದೆ. ಚಳಿ ತಡೆಯುವ ಹೊದಿಕೆ ಇಲ್ಲದ ಜಾಗವಾದರೆ ಪ್ರತಿ 10 ಘನ ಮೀಟರಿಗೆ 1 ಕಿಲೋವ್ಯಾಟ್ ಬೇಕು. ಚೆನ್ನಾಗಿ ಹೊದಿಸಿದ ಜಾಗವಾದರೆ 25 ಘನ ಮೀಟರಿಗೆ 1 ಸಾಕು. ಅಂದರೆ ಈಗಿನ ಶೆಡ್ಡಿಗೆ 14 ಕಿಲೋವ್ಯಾಟ್ ಬೇಕು. ಮಾಡು ಮತ್ತು ಗೋಡೆಗೆ ರಾಕ್‌ವೂಲ್ (ಕಲ್ಲಿನ ನಾರಿನ, ಬೆಂಕಿ ಹಿಡಿಯದ ಹೊದಿಕೆ) ಹಾಕಿ, ಮೇಲೆ ಹಲಗೆ ಮುಚ್ಚಿದರೆ 6ರಲ್ಲೇ ಮುಗಿಯುತ್ತದೆ. ಕಡು ಚಳಿಯ ಊರಾದರೆ ಸ್ವಲ್ಪ ಜಾಸ್ತಿ ಹಿಡಿಯಿರಿ. ಥರ್ಮೋಕೋಲ್ ಮಾತ್ರ ಬೇಡ. ಒಲೆ ಇರುವ ಜಾಗದಲ್ಲಿ ಅದು ಬೆಂಕಿಗೆ ಮೇವು.

ಇನ್ನು ದೊಡ್ಡ ಒಲೆ ಯಾಕೆ ಬೇಡ ಅಂತೀನಿ ಕೇಳಿ. ಕಟ್ಟಿಗೆ ಬಿಸಿಯಾದಾಗ ಅದರ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಡುತ್ತದೆ. ಉಳಿದದ್ದಷ್ಟೇ ಕೆಂಡ. ಶಾಖದ ದೊಡ್ಡ ಪಾಲು ಇರುವುದು ಆ ಅನಿಲದಲ್ಲಿ. ಅದು ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಬಿಸಿ ಬೇಕು, ಜೊತೆಗೆ ಗಾಳಿ ಬೇಕು. ದೊಡ್ಡ ಒಲೆ ತಂದವರು ಏನು ಮಾಡುತ್ತಾರೆ? ಅರ್ಧ ಗಂಟೆಯಲ್ಲಿ ಸೆಕೆ ತಡೆಯಲಾಗದೆ ಗಾಳಿಯ ಕಿಂಡಿ ಮುಚ್ಚುತ್ತಾರೆ. ಬೆಂಕಿ ಕುಗ್ಗುತ್ತದೆ, ಅನಿಲ ಉರಿಯದೆ ಹೊಗೆಯಾಗಿ ಹೊರಗೆ ಹೋಗುತ್ತದೆ. ನೀವು ಕಡಿದು, ಸೀಳಿ, ಒಣಗಿಸಿದ ಸೌದೆ ಆಕಾಶಕ್ಕೆ! ಚಿಕ್ಕ ಒಲೆ ಜೋರಾಗಿ ಉರಿಯುತ್ತಿದ್ದರೆ ಹೊಗೆ ಕಣ್ಣಿಗೆ ಕಾಣುವುದೇ ಇಲ್ಲ.

ಪ್ರಶ್ನೆ (ಅವರದೇ): ಹಾಗಾದರೆ ಒಲೆ ನೋಡುವಾಗ ಏನು ನೋಡಬೇಕು? ಹೊರಗಿನಿಂದ ಎಲ್ಲಾ ಒಂದೇ ಥರ ಕಾಣುತ್ತವೆ.

ಉತ್ತರ: ಟಾರ್ಚ್ ತಗೊಂಡು ಹೋಗಿ. ಬಾಗಿಲು ತೆಗೆದು ಒಳಗೆ ಮೇಲಕ್ಕೆ ಬೆಳಕು ಬಿಡಿ. ಚಿಮಣಿಯ ತೂತು ನೇರವಾಗಿ ಕಂಡರೆ ಆ ಒಲೆ ಬೇಡ. ಮಧ್ಯೆ ಬೆಂಕಿ ತಡೆಯುವ ಒಂದು ಅಡ್ಡ ಫಲಕ ಇರಬೇಕು. ಉರಿ ಅದಕ್ಕೆ ಬಡಿದು, ಸುತ್ತಿಕೊಂಡು ಹೋಗಬೇಕು. ಆ ಫಲಕದ ಕೆಳಗೋ ಹಿಂದಿನ ಗೋಡೆಯಲ್ಲೋ ಸಾಲಾಗಿ ಸಣ್ಣ ತೂತುಗಳು ಇರಬೇಕು. ಬಿಸಿಯಾದ ಗಾಳಿ ಅಲ್ಲಿಂದ ಬಂದು ಹೊಗೆಯನ್ನು ಎರಡನೇ ಸಲ ಸುಡುತ್ತದೆ. ಗ್ಯಾಸ್ ಬರ್ನರಿನ ಹಾಗೆ ಅಲ್ಲಿ ಉರಿ ಕುಣಿಯುವುದನ್ನು ನೋಡಿದರೆ ನನಗೆ ಇವತ್ತಿಗೂ ಖುಷಿ.

ಒಳಗಡೆ ಬೆಂಕಿ ತಡೆಯುವ ಇಟ್ಟಿಗೆಯ ಪದರ ಇರಬೇಕು. ಅದು ಬೆಂಕಿಯನ್ನು ಬಿಸಿಯಾಗಿಡುತ್ತದೆ. ಬಾಗಿಲ ಅಂಚಿನಲ್ಲಿ ಹಗ್ಗದಂಥ ಸೀಲು ಇರುತ್ತದೆ. ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುಲಭವಾಗಿ ಬಂದುಬಿಟ್ಟರೆ ಸೀಲು ಸಡಿಲ ಎಂದರ್ಥ. ಮತ್ತೆ ಒಲೆಯ ಹಣೆಪಟ್ಟಿ ಓದಿ. ಯುರೋಪಿನಲ್ಲಿ 2022ರಿಂದ ಇಂಥ ಮುಚ್ಚಿದ ಒಲೆಗಳಿಗೆ ಕನಿಷ್ಠ 65% ದಕ್ಷತೆ (ಕಟ್ಟಿಗೆಯ ಶಾಖದಲ್ಲಿ ಕೋಣೆಗೆ ಸಿಗುವ ಪಾಲು) ಇರಲೇಬೇಕು ಎಂಬ ನಿಯಮ ಇದೆ. ಒಳ್ಳೆಯವು 75–80%ವರೆಗೂ ಹೋಗುತ್ತವೆ. ಅಮೆರಿಕದ ನಿಯಮ 2020ರಿಂದ ಗಂಟೆಗೆ 2 ಗ್ರಾಂ ಹೊಗೆಕಣದ ಮಿತಿ ಹಾಕಿದೆ. ನೀವು ಎಲ್ಲೇ ಇರಿ, ಈ ನಿಯಮಗಳಿಗೆ ಒಪ್ಪುವ ಒಲೆಯನ್ನೇ ಹುಡುಕಿ.

ಇನ್ನೊಬ್ಬರ ಪ್ರಶ್ನೆ: ಬೀಡು ಕಬ್ಬಿಣದ್ದು ಒಳ್ಳೆಯದಾ, ಉಕ್ಕಿನ ತಗಡಿನದ್ದಾ? ಬೀಡು ಜಾಸ್ತಿ ಹೊತ್ತು ಬಿಸಿ ಹಿಡಿಯುತ್ತದೆ ಅಂತಾರೆ.

ಉತ್ತರ: ಎರಡೂ ಒಂದೇ ತೂಕ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಶಾಖ ಹಿಡಿಯುತ್ತವೆ. ಬೀಡಿನ ಒಲೆಗಳು ಸಾಮಾನ್ಯವಾಗಿ ಭಾರ ಇರುತ್ತವೆ, ಅದಕ್ಕೇ ಆ ಮಾತು ಬಂದಿದೆ. ಸಂಜೆ ಎರಡು ಗಂಟೆ ಮಾತ್ರ ಕೆಲಸ ಮಾಡುವವರಿಗೆ ಉಕ್ಕಿನದು ಸರಿ, ಬೇಗ ಬಿಸಿಯಾಗುತ್ತದೆ. ಇಡೀ ದಿನ ಕೆಲಸ ಇದ್ದರೆ ಭಾರದ್ದು ನೋಡಿ. ಬೀಡು ಗಟ್ಟಿಯಾಗಿ ಏಟು ಬಿದ್ದರೆ ಬಿರುಕು ಬಿಡುತ್ತದೆ ಎನ್ನುವುದು ಮಾತ್ರ ನೆನಪಿರಲಿ. ದೊಡ್ಡ ಮರದ ತುಂಡು ಎತ್ತಿ ಇಳಿಸುವ ಜಾಗ ಅಲ್ವಾ?

ಮೊದಲು ಕೇಳಿದವರು: ಇನ್ನೊಂದು ತೊಂದರೆ ಇದೆ ಸರ್. ಈಗಿನ ಒಲೆಯ ಕೊಳವೆಯನ್ನು ಗೋಡೆ ತೂರಿಸಿ ಅಡ್ಡಡ್ಡ ಹೊರಗೆ ತಂದು, ಅಲ್ಲಿಂದ ಮೇಲಕ್ಕೆ ಬಿಟ್ಟಿದ್ದೇನೆ. ಜೋಡಣೆಯಲ್ಲಿ ಡಾಂಬರಿನಂಥ ಕಪ್ಪು ನೀರು ಸೋರುತ್ತದೆ. ಹೊಸ ಒಲೆಗೂ ಅದೇ ಕೊಳವೆ ಹಾಕಬಹುದಾ?

ಉತ್ತರ: ದಯವಿಟ್ಟು ಬೇಡ. ಇದನ್ನು ಓದಿ ನನಗೆ ಗಾಬರಿಯಾಯಿತು. ಒಂದೇ ಪದರದ ಕೊಳವೆ ಹೊರಗಿನ ಚಳಿಯಲ್ಲಿ ತಣ್ಣಗಾಗುತ್ತದೆ. ಉರಿಯದ ಹೊಗೆ, ಕಟ್ಟಿಗೆಯ ನೀರಿನ ಆವಿ ಎರಡೂ ಅದರ ಗೋಡೆಗೆ ಅಂಟಿ ಟಾರು ಆಗುತ್ತವೆ. ಆ ಟಾರು ಒಣಗಿ ದಪ್ಪಗಾಗಿ ಒಂದು ದಿನ ಹೊತ್ತಿಕೊಂಡರೆ ಚಿಮಣಿಯೊಳಗೆ 1000 ಡಿಗ್ರಿ ದಾಟುತ್ತದೆ. ಪಕ್ಕದಲ್ಲಿ ಮರದ ಗೋಡೆ ಇದ್ದರೆ ಉಳಿಯುವುದಿಲ್ಲ. ಅದನ್ನು ಬಿಚ್ಚಿ ಹೊಸ ಚಿಮಣಿ ಹಾಕುವವರೆಗೆ ಆ ಒಲೆ ಹಚ್ಚಬೇಡಿ.

ಹೊಸ ಚಿಮಣಿ ಒಲೆಯಿಂದ ನೇರ ಮೇಲಕ್ಕೆ ಹೋಗಲಿ. ಆದಷ್ಟು ಭಾಗ ಶೆಡ್ಡಿನ ಒಳಗೇ ಇರಲಿ. ತಗಡು ದಾಟುವ ಜಾಗದಿಂದ ಮೇಲಕ್ಕೆ ಎರಡು ಪದರದ, ನಡುವೆ ಶಾಖ ತಡೆ ಇರುವ ಕೊಳವೆಯೇ ಬೇಕು. ಒಟ್ಟು ಎತ್ತರ 4.5 ಮೀಟರ್ ಆದರೂ ಇರಲಿ. ಮಾಡಿನಿಂದ ಹೊರಬಂದ ಮೇಲೆ ಕನಿಷ್ಠ 90 ಸೆಂಟಿಮೀಟರ್, ಮತ್ತು ಸುತ್ತ 3 ಮೀಟರ್ ದೂರದೊಳಗಿರುವ ಯಾವುದಕ್ಕಿಂತಲೂ 60 ಸೆಂಟಿಮೀಟರ್ ಮೇಲಿರಬೇಕು. ತಿರುವು ಅನಿವಾರ್ಯವಾದರೆ 45 ಡಿಗ್ರಿಯ ಎರಡು ಮೊಣಕೈ ಹಾಕಿ, 90ರದ್ದು ಬೇಡ. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು. ನಿಮ್ಮದು ಉಲ್ಟಾ ಕೂತಿರಬೇಕು, ಅದಕ್ಕೇ ಹೊರಗೆ ಸೋರುತ್ತಿದೆ. ವರ್ಷಕ್ಕೆ ಒಮ್ಮೆಯಾದರೂ ಬ್ರಷ್ ಹಾಕಿಸಿ.

ಸೌದೆಯದ್ದೂ ಒಂದು ಮಾತು. ಆ ಕಪ್ಪು ನೀರಿನಲ್ಲಿ ಹಸಿ ಕಟ್ಟಿಗೆಯ ಪಾಲೂ ಇದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿ ಸುಸ್ತಾಗುತ್ತದೆ. ತೇವ 20%ಕ್ಕಿಂತ ಕೆಳಗಿಳಿದ ಕಟ್ಟಿಗೆ ಕಿಲೋಗೆ ಸುಮಾರು 4 ಕಿಲೋವ್ಯಾಟ್-ಗಂಟೆ ಶಾಖ ಕೊಡುತ್ತದೆ. 75% ದಕ್ಷತೆಯ ಒಲೆಯಲ್ಲಿ ಅದರಲ್ಲಿ 3 ನಿಮಗೆ ಸಿಗುತ್ತದೆ. ಅಂದರೆ 6 ಕಿಲೋವ್ಯಾಟಿಗೆ ಗಂಟೆಗೆ 2 ಕಿಲೋ ಕಟ್ಟಿಗೆ ಸಾಕು. ತೇವ ಅಳೆಯುವ ಮೀಟರ್ ಮರಗೆಲಸದವರಾದ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಸುಮ್ನೆ ತುದಿಗೆ ಚುಚ್ಚಬೇಡಿ, ಸೀಳಿ ಹೊಸ ಮುಖಕ್ಕೆ ಚುಚ್ಚಿ.

ಇನ್ನೊಬ್ಬರ ಪ್ರಶ್ನೆ: ಪ್ಲೈವುಡ್ ತುಂಡು, ಎಂಡಿಎಫ್ (ಮರದ ನಾರು ಅಂಟಿಸಿ ಒತ್ತಿದ ಹಲಗೆ), ಗರಗಸದ ಪುಡಿ ಬೇಕಾದಷ್ಟು ಇದೆ. ಸುಡಬಹುದಲ್ವಾ?

ಉತ್ತರ: ಪ್ಲೈವುಡ್, ಎಂಡಿಎಫ್ ಬೇಡ, ಅವುಗಳ ಅಂಟಿನ ಹೊಗೆ ಕೆಟ್ಟದ್ದು. ಬಣ್ಣ ಹಚ್ಚಿದ್ದು, ಹುಳು ಹಿಡಿಯದ ಹಾಗೆ ರಾಸಾಯನಿಕ ಕುಡಿಸಿದ ಮರ ಬೇಡವೇ ಬೇಡ. ಹಳೆಯ ಅಂಥ ಮರದಲ್ಲಿ ಆರ್ಸೆನಿಕ್ ಇರಬಹುದು, ಸುಟ್ಟರೂ ಬೂದಿಯಲ್ಲಿ ಉಳಿಯುತ್ತದೆ. ಗರಗಸದ ಪುಡಿಯನ್ನು ಉರಿಯುವ ಒಲೆಗೆ ಎರಚಿದರೆ ಭಗ್ಗನೆ ಮುಖಕ್ಕೆ ಬರುತ್ತದೆ. ಶುದ್ಧ ಮರದ ತುಂಡು ಹಾಕಿ, ಹೊತ್ತಿಸಲು ಒಂದು ಹಿಡಿ ಹತ್ತರಿ ಸಿಪ್ಪೆ ಸಾಕು.

ಪುಡಿಯ ಮಾತು ಬಂತಲ್ಲ, ನಿಮ್ಮೆಲ್ಲರಿಗೂ ಇದನ್ನು ಹೇಳಲೇಬೇಕು. ಪುಡಿ ಎಳೆಯುವ ಯಂತ್ರದ ಗಾಳಿಯನ್ನು ಹೊರಗೆ ಬಿಟ್ಟಿದ್ದೀರಾ? ಒಂದು ಕಿಲೋ ಕಟ್ಟಿಗೆಗೆ ಒಲೆ ಸುಮಾರು 10 ಘನ ಮೀಟರ್ ಗಾಳಿ ತಗೊಳ್ಳುತ್ತದೆ. ಸಾಧಾರಣ ಪುಡಿ ಯಂತ್ರ ಗಂಟೆಗೆ 1000 ಘನ ಮೀಟರಿನಷ್ಟು ಎಳೆಯುತ್ತದೆ. ಕಿಟಕಿ ಮುಚ್ಚಿದ್ದರೆ ಗಾಳಿ ಎಲ್ಲಿಂದ ಬರಬೇಕು? ಚಿಮಣಿಯಿಂದ ಕೆಳಕ್ಕೆ. ಹೊಗೆ ಕಂಡರೆ ಎದ್ದು ಓಡುತ್ತೀರಿ. ಬರೀ ಕೆಂಡ ಇದ್ದಾಗ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊರಗಿನಿಂದ ಕೊಳವೆಯಲ್ಲಿ ಗಾಳಿ ಎಳೆದುಕೊಳ್ಳುವ ಒಲೆಯನ್ನೇ ತಗೊಳ್ಳಿ, ಯಂತ್ರ ಓಡುವಾಗ ಕಿಟಕಿ ತೆಗೆಯಿರಿ, ಕಾರ್ಬನ್ ಮೋನಾಕ್ಸೈಡ್ ಅಲಾರಂ ಹಾಕಿ. ಅಲಾರಂ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಒಲೆ ಸುತ್ತ 90 ಸೆಂಟಿಮೀಟರ್ ಖಾಲಿ ಇರಲಿ, ತಯಾರಕರು ಜಾಸ್ತಿ ಹೇಳಿದ್ದರೆ ಅಷ್ಟು. ಬೆಂಕಿ ಇರುವಾಗ ತಿನ್ನರ್, ವಾರ್ನಿಷ್ ತೆಗೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿದ್ದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ನೀರು ತುಂಬಿದ ಡಬ್ಬಿಗೆ ಹಾಕಿ. ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟಿನಲ್ಲಿ ಹೊರಗಿಡಿ. ಒಳಗಿನ ಕೆಂಡ ಎರಡು ಮೂರು ದಿನ ಬದುಕಿರುತ್ತದೆ.

ಮೊದಲು ಕೇಳಿದವರು: ಕೊಳವೆ ಇವತ್ತೇ ಬಿಚ್ಚಿದೆ ಸರ್. ಒಳಗೆ ಬೆರಳು ದಪ್ಪ ಟಾರು ಕೂತಿತ್ತು. ಮೊದಲು ಮಾಡಿಗೆ ರಾಕ್‌ವೂಲ್, ಆಮೇಲೆ 6–7 ಕಿಲೋವ್ಯಾಟಿನ ಒಲೆ ಅಂತ ನಿರ್ಧಾರ ಮಾಡಿದ್ದೇನೆ.

ಉತ್ತರ: ಬಿಚ್ಚಿದ್ದು ಕೇಳಿ ನೆಮ್ಮದಿಯಾಯಿತು. ಹೊಸ ಒಲೆ ಬಂದ ಮೊದಲ ಎರಡು ಮೂರು ಸಲ ಸಣ್ಣ ಬೆಂಕಿಯನ್ನೇ ಹಚ್ಚಿ. ಬಣ್ಣ ಕುದುರುವಾಗ ವಾಸನೆ ಬರುತ್ತದೆ, ಬಾಗಿಲು ತೆರೆದಿಡಿ. ಆಮೇಲೆ ದಪ್ಪ ಸೌದೆ ಕೆಳಗೆ, ಸಣ್ಣದು ಅದರ ಮೇಲೆ, ಸಿಪ್ಪೆ ತುದಿಯಲ್ಲಿ ಇಟ್ಟು ಮೇಲಿನಿಂದ ಹೊತ್ತಿಸಿ. ಹೊರಗೆ ಹೋಗಿ ಚಿಮಣಿ ನೋಡಿ. ಹದಿನೈದು ಇಪ್ಪತ್ತು ನಿಮಿಷದ ಮೇಲೂ ಹೊಗೆ ಕಾಣುತ್ತಿದ್ದರೆ ಒಂದು ಫೋಟೋ ತೆಗೆದು ಇಲ್ಲೇ ಹಾಕಿ.