ಯಕ್ಷಿಯ ಪ್ರೇಮಕಥೆ ಬರೆದು ಬದುಕಬಹುದೇ? ಗಡಿನಾಡಿನ ಬರಹಗಾರರ ಅನುಭವ

ಕಾಸರಗೋಡಿನ ಮುಳ್ಳೇರಿಯದಿಂದ ಬಂದ ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕಿ. ಹೆಣ್ಣಿನ ರೂಪದ ಅಲೌಕಿಕ ಜೀವಿಯಾದ ಒಬ್ಬ ಯಕ್ಷಿ, ಊರಿನ ಜಾಗ ಅಳೆಯಲು ಬಂದ ಒಬ್ಬ ಸರ್ವೆಯರ್, ಇವರಿಬ್ಬರ ಪ್ರೇಮದ ಕಾದಂಬರಿಯನ್ನು ಅರ್ಧ ಬರೆದಿದ್ದೇನೆ. ವಿಚಾರಿಸಿದ ಪ್ರಕಾಶಕರಿಗೆ ಈ ಬಗೆಯ ಕಥೆ ಬೇಡವಂತೆ. ಸ್ವತಂತ್ರವಾಗಿ ಪ್ರಕಟಿಸಿ ಇದನ್ನೇ ಕಸುಬಾಗಿ ಮಾಡಿಕೊಳ್ಳಬಹುದೇ? ಕೆಲಸ ಬಿಡುವ ಯೋಚನೆಯೂ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಂಬಳೆಯಿಂದ:

ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದೆಲ್ಲ ಬರೆಯಿರಿ ಎನ್ನುವ ಮಾತೇ. ಅಲೌಕಿಕ ಪ್ರೇಮಕಥೆಗೆ ಕನ್ನಡದಲ್ಲಿ ಓದುಗರು ಇದ್ದಾರೆ. ರಾತ್ರಿ ಮನೆಕೆಲಸ ಮುಗಿಸಿ, ಮೊಬೈಲು ಹಿಡಿದು ಮುಂದಿನ ಕಂತಿಗೆ ಕಾಯುವವರು ಅವರು. ಆದರೆ ಅವರಿಂದ ಬರುವ ಹಣ ತಿಂಗಳು ತಿಂಗಳೂ ಒಂದೇ ಸಮನಾಗಿರುವುದಿಲ್ಲ. ಸಂಬಳ ನಿಂತಿತೆಂದರೆ ಕೈ ತಾನಾಗಿಯೇ ಕಥೆಯನ್ನು ಎಳೆಯತೊಡಗುತ್ತದೆ. ಇಪ್ಪತ್ತು ಕಂತಿನ ಕಥೆ ಅರುವತ್ತಕ್ಕೆ ಹಿಗ್ಗುತ್ತದೆ. ಓದುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ.

ಈ ಕಸುಬು ನಿಂತಿರುವುದು ಓದುಗರಿಗೆ ಕೊಟ್ಟ ಮಾತಿನ ಮೇಲೆ. ಶುಕ್ರವಾರ ಕಂತು ಎಂದರೆ ಶುಕ್ರವಾರವೇ ಬರಬೇಕು. ಪ್ರೇಮಿಗಳು ಕೊನೆಗೆ ಒಂದಾಗಬೇಕು, ಒಂದಾಗುವ ಭರವಸೆಯಾದರೂ ಉಳಿಯಬೇಕು. ದೆವ್ವದ ಕಥೆಗೂ ನಮ್ಮದಕ್ಕೂ ಇರುವ ವ್ಯತ್ಯಾಸವೇ ಅದು: ಅಲ್ಲಿ ಭಯವೇ ಗುರಿ, ಇಲ್ಲಿ ಭಯ ಪ್ರೇಮದ ದಾರಿಗೆ ಅಡ್ಡ ಬರುವ ಹೊಳೆ. ಕೊನೆಯ ಕಂತಿನಲ್ಲಿ ನಾಯಕನನ್ನು ಯಕ್ಷಿಯ ಕೈಯಿಂದ ಕೊಲ್ಲಿಸಿದರೆ ಕಥೆ ಎಷ್ಟೇ ಚೆನ್ನಾಗಿರಲಿ, ಪ್ರೇಮಕಥೆ ಓದಲು ಬಂದವರು ನಿಮ್ಮನ್ನು ಕ್ಷಮಿಸುವುದಿಲ್ಲ.

ಇನ್ನು ಯಕ್ಷಿಯ ಕಟ್ಟುಪಾಡು. ನೀವು ಮುಳ್ಳೇರಿಯದವರು, ಇದಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ. ಮಲಯಾಳಂ ಕಥೆಗಳ ಯಕ್ಷಿ ಹಾಲೆ ಮರದಲ್ಲಿ ವಾಸಿಸುತ್ತಾಳೆ, ದಾರಿಹೋಕನಲ್ಲಿ ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ, ಮಂತ್ರವಾದಿ ಅವಳನ್ನು ಕಬ್ಬಿಣದ ಮೊಳೆ ಬಡಿದು ಮರದಲ್ಲಿ ಬಂಧಿಸುತ್ತಾನೆ. ಅದೇ ಹಾಲೆ ಮರದ ತೊಗಟೆಯನ್ನು ನಮ್ಮ ಮನೆಗಳವರು ತುಳುವರ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದರ ಕಹಿ ಕಷಾಯವನ್ನು ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಒಂದೇ ಮರ, ಒಂದೇ ಕಬ್ಬಿಣ, ಎರಡು ಭಾಷೆಯ ನಂಬಿಕೆಗಳು. ಮೇಲಾಗಿ ನಿಮ್ಮ ನಾಯಕ ಸರ್ವೆಯರ್! ಹಳೆಯ ಕಾಲದವನಾದರೆ ಅವನ ಹೆಗಲ ಮೇಲೆ ಅಳತೆಯ ಕಬ್ಬಿಣದ ಸರಪಳಿಯೇ ಇರುತ್ತದೆ. ಅವನು ಜಾಗ ಅಳೆಯುತ್ತಾ ಮರದ ಬುಡಕ್ಕೆ ಬಂದ ಗಳಿಗೆಯಲ್ಲೇ ನಿಮ್ಮ ಕಾದಂಬರಿಯ ಸಂಕಟವೆಲ್ಲ ಅಡಗಿದೆ. ಆದರೆ ಮೂರನೆಯ ಕಂತಿನಲ್ಲಿ ಕಬ್ಬಿಣ ಅವಳನ್ನು ಸುಡುವುದಾದರೆ, ಇಪ್ಪತ್ತನೆಯದರಲ್ಲಿ ಅವನು ಸೊಂಟದಲ್ಲಿ ಬೀಗದ ಕೈ ಇಟ್ಟುಕೊಂಡು ಅವಳನ್ನು ಅಪ್ಪಿಕೊಳ್ಳುವಂತಿಲ್ಲ. ಒಂದು ನೋಟ್‌ಪುಸ್ತಕದಲ್ಲಿ ಇವನ್ನೆಲ್ಲ ಬರೆದಿಡಿ: ಯಾವ ಹೊತ್ತಿನಲ್ಲಿ ಕಾಣಿಸುತ್ತಾಳೆ, ಏನು ಮುಟ್ಟುವುದಿಲ್ಲ, ಮನುಷ್ಯಳಾಗಬೇಕಾದರೆ ಏನನ್ನು ಕಳೆದುಕೊಳ್ಳಬೇಕು. ಕಂತುಗಳಲ್ಲಿ ಓದುವವರ ನೆನಪು ನಮ್ಮ ನೆನಪಿಗಿಂತ ಗಟ್ಟಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕೋಲ, ತೆಯ್ಯಂ ಎಂಬ ದೈವಾರಾಧನೆಗಳಲ್ಲಿ ಇಂದಿಗೂ ಜನ ಕೈಮುಗಿಯುವ ದೈವವನ್ನು ಹೆಸರಿಟ್ಟು ಪ್ರೇಮಿಯನ್ನಾಗಿ ಮಾಡಬೇಡಿ. ಪ್ರೇತ ಮದುವೆಯೂ ಹಾಗೆಯೇ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಎರಡು ಮನೆಯವರು ಸೇರಿ, ಸೀರೆ ಕರಿಮಣಿ ಇಟ್ಟು, ಊಟ ಬಡಿಸಿ ಮಾಡುವ ಮದುವೆ ತುಳುನಾಡಿನಲ್ಲಿ ಇನ್ನೂ ಇದೆ. ಅಲೌಕಿಕ ಪ್ರೇಮಕ್ಕೆ ಇದಕ್ಕಿಂತ ದೊಡ್ಡ ವಸ್ತು ಎಲ್ಲಿ ಸಿಕ್ಕೀತು? ಬರೆಯಿರಿ, ಖಂಡಿತ ಬರೆಯಿರಿ. ಆದರೆ ಅಲ್ಲಿ ಕುಳಿತಿರುವ ತಾಯಿಗೆ ಅದು ಕಥೆಯಲ್ಲ ಎಂಬುದು ನಿಮ್ಮ ಪ್ರತಿ ವಾಕ್ಯದಲ್ಲಿಯೂ ಇರಲಿ.

ಎಲ್ಲಿ ಪ್ರಕಟಿಸುವುದು? 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ-ಪುಸ್ತಕ ವೇದಿಕೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ಮನೆಯ ಮಲಯಾಳಂ ಬರಹಗಾರನಿಗೆ ತೆರೆದ ಬಾಗಿಲು ನಮಗೆ ಮುಚ್ಚಿತ್ತು, ಅದರ ನೋವು ನನಗೆ ಇನ್ನೂ ಇದೆ. ನಮ್ಮವರು ಕಂತುಗಳಿಗೆ ಪ್ರತಿಲಿಪಿ ಆ್ಯಪನ್ನೂ, ಇಡೀ ಪುಸ್ತಕಕ್ಕೆ ಮತ್ತು ಆಡಿಯೊಗೆ 2020ರಲ್ಲಿ ಆರಂಭವಾದ ಮೈಲ್ಯಾಂಗ್ ಅನ್ನೂ ನೆಚ್ಚಿಕೊಂಡರು. ಕಂತಾಗಿ ಬಿಟ್ಟು ಓದುಗರನ್ನು ಸಂಪಾದಿಸಿ, ಆಮೇಲೆ ಪುಸ್ತಕ ಮಾಡುವುದು ನನಗೆ ಸರಿ ಕಂಡ ದಾರಿ. ಆದರೆ ಮೊದಲ ಕಂತು ಬಿಡುವ ಮುನ್ನ ಕಥೆಯ ಮುಕ್ಕಾಲು ಪಾಲಾದರೂ ಕೈಯಲ್ಲಿರಲಿ. ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ಕರ್ತವ್ಯ ಎಂದು ನಿಮಗೆ ಬಿಡುವೇ ಸಿಗದ ವಾರಗಳು ಬರುತ್ತವೆ.

ಎಲ್ಲಿ ಸಹಿ ಹಾಕಿದರೂ ಒಪ್ಪಂದವನ್ನು ಸಾಲು ಸಾಲಾಗಿ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮು ನಮ್ಮಂಥವರ ಕೈಗೆ ಸಿಕ್ಕ ಗಟ್ಟಿ ಆಸರೆ. ಹಕ್ಕು ವಹಿಸಿಕೊಡುವುದು ಬರಹದಲ್ಲಿಯೇ ಆಗಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದುಕೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತು ಇಲ್ಲದಿದ್ದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಕಾಸರಗೋಡಿನವರು ಅನುವಾದದ ಹಕ್ಕನ್ನು ಬೇರೆಯಾಗಿಯೇ ಉಳಿಸಿಕೊಳ್ಳಬೇಕು. ನಿಮ್ಮ ಯಕ್ಷಿ ಮಲಯಾಳಂಗೆ ಹೋಗಲು ಚಂದ್ರಗಿರಿ ಹೊಳೆಯನ್ನು ದಾಟಿದರೆ ಸಾಕು. ಆ ಹಕ್ಕನ್ನು 'ಎಲ್ಲ ಭಾಷೆಗಳು, ಎಲ್ಲ ರೂಪಗಳು' ಎಂಬ ಒಂದು ಸಾಲಿಗೆ ಬಿಟ್ಟುಕೊಡಬೇಡಿ.

ತಮಿಳುನಾಡಿನ ಹೊಸೂರಿನಿಂದ:

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಶಿಕ್ಷಕಿಯಾದ್ದರಿಂದ ಕಾವ್ಯನಾಮದ ಯೋಚನೆ ನಿಮಗೆ ಬಂದಿರಬಹುದು. ಬರೆಯುವ ಹೆಸರು ಯಾವುದಾದರೂ ಇರಲಿ, ಬ್ಯಾಂಕ್ ಖಾತೆ, ಪ್ಯಾನ್, ಒಪ್ಪಂದ ಎಲ್ಲವೂ ನಿಜವಾದ ಹೆಸರಿನಲ್ಲೇ ಇರಬೇಕು. ಲೇಖಕರ ಗುರುತು ಹೊರಬರದಿದ್ದರೆ ಕೃತಿಸ್ವಾಮ್ಯದ 60 ವರ್ಷವನ್ನು ಪ್ರಕಟಣೆಯಿಂದ ಲೆಕ್ಕ ಹಾಕುತ್ತಾರೆ. ಗುರುತು ತಿಳಿದಿದ್ದರೆ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಮಕ್ಕಳಿಗೆ ಉಳಿಯಲಿ ಎನ್ನುವವರಿಗೆ ಇದು ದೊಡ್ಡ ವ್ಯತ್ಯಾಸ.

ಇನ್ನೊಂದು, ಅಕ್ಷರದ ಕಾಟ. ಪುಟ ವಿನ್ಯಾಸ ಮಾಡುವವರಲ್ಲಿ ಹಲವರು ಇಂದಿಗೂ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲೇ ಕೆಲಸ ಮಾಡುತ್ತಾರೆ, ಆ್ಯಪುಗಳಿಗೆ ಬೇಕಾದದ್ದು ಯಾವ ಸಾಧನದಲ್ಲೂ ಓದಿಸಿಕೊಳ್ಳುವ ಯುನಿಕೋಡ್. ಪರಿವರ್ತಿಸುವಾಗ ಮೊದಲು ಕೆಡುವುದು ಅರ್ಕಾವತ್ತು ಮತ್ತು ಒತ್ತಕ್ಷರಗಳು. ಮೂಲ ಪ್ರತಿಯನ್ನು ಯುನಿಕೋಡಿನಲ್ಲೇ ಬರೆದಿಟ್ಟುಕೊಳ್ಳಿ, ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಟವನ್ನು ಗಟ್ಟಿಯಾಗಿ ಓದಿ. ಪ್ರೇಮಿಗಳು ಮೊದಲ ಬಾರಿ ಮಾತಾಡುವ ಪುಟದಲ್ಲಿ 'ಆಶ್ಚರ್ಯ' ಒಡೆದು ಕಾಣಿಸಿದರೆ ಓದುವವರ ಮನಸ್ಸು ಅಲ್ಲಿಯೇ ಕಥೆಯಿಂದ ಹೊರಬರುತ್ತದೆ.

ಮಹಾರಾಷ್ಟ್ರದ ಜತ್ತದಿಂದ:

ಅಚ್ಚಿನ ಪುಸ್ತಕದ ಬಗ್ಗೆ ನಾನು ಹೇಳುತ್ತೇನೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಲೇಖಕರಿಗೂ ಅದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಬಹುದು. ಪುಸ್ತಕ ಮುದ್ರಿಸಿ ಮನೆಯ ಅಟ್ಟದ ಮೇಲೆ ರಾಶಿ ಹಾಕುವುದೂ ಬೇಡ. ಬೇಡಿಕೆ ಬಂದಷ್ಟೇ ಅಚ್ಚು ಹಾಕಿಸುವ ವ್ಯವಸ್ಥೆಯಲ್ಲಿ ಪ್ರತಿಯೊಂದರ ವೆಚ್ಚ ಹೆಚ್ಚಾದರೂ ಬಂಡವಾಳ ಸಿಕ್ಕಿಕೊಳ್ಳುವುದಿಲ್ಲ. ಜತ್ತದಲ್ಲಿ ನಮ್ಮ ಪುಸ್ತಕ ಇಡುವ ಅಂಗಡಿಯೇ ಸಿಗುವುದಿಲ್ಲ, ಹೆಚ್ಚಿನದನ್ನು ಅಂಚೆಯಲ್ಲಿಯೇ ಕಳಿಸಬೇಕು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಆದ್ದರಿಂದ ಬೆಲೆ ನಿಗದಿ ಮಾಡುವ ಮೊದಲು ಅಂಚೆ ಕಚೇರಿಗೆ ಹೋಗಿ, ಅಷ್ಟೇ ದಪ್ಪದ ಒಂದು ಪುಸ್ತಕವನ್ನು ತೂಗಿಸಿ, ಕಾಸರಗೋಡಿನಿಂದ ಬೆಂಗಳೂರಿಗೆ ಎಷ್ಟಾಗುತ್ತದೆ, ಕಲಬುರಗಿಗೆ ಎಷ್ಟಾಗುತ್ತದೆ ಎಂದು ಕೇಳಿಕೊಂಡು ಬನ್ನಿ.