ಚೈನ್ ಸಾ ಬೋಲ್ಟ್ ಪದೇ ಪದೇ ಸಡಿಲ, ಯಾಕೆ?

ಗೋಣಿಕೊಪ್ಪದಿಂದ:
ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾಗಿದೆ. ಚೈನ್ ಸಾದ ಸಿಲಿಂಡರ್ ಬೋಲ್ಟ್ ಎರಡು ವಾರಕ್ಕೊಮ್ಮೆ ಸಡಿಲವಾಗುತ್ತಿದೆ. ಥ್ರೆಡ್ ಲಾಕರ್ (ಬೋಲ್ಟ್ ತಿರುಗದಂತೆ ಹಿಡಿಯುವ ಅಂಟು) ಹಾಕಿದೆ, ಇನ್ನೂ ಬಿಗಿ ಮಾಡಿದೆ, ಏನೂ ಪ್ರಯೋಜನವಿಲ್ಲ. ಬೋಲ್ಟ್ ಕೂರುವ ಇಂಜಿನ್ ಕೇಸ್ ಮ್ಯಾಗ್ನೀಸಿಯಂ ಅಂತೆ. ಬಿಸಿಗೆ ಕರಗುತ್ತದಾ? ಅನುಭವ ಇದ್ದವರು ಹೇಳಿ.

ಸೋಮವಾರಪೇಟೆಯಿಂದ:
ಕರಗುವುದಿಲ್ಲ ಅಣ್ಣ, ಶುದ್ಧ ಮ್ಯಾಗ್ನೀಸಿಯಂ ಕರಗಲು 650 ಡಿಗ್ರಿ ಬೇಕು. ಇದು ಕ್ರೀಪ್, ಅಂದರೆ ಬಿಸಿಯಲ್ಲಿ ಒತ್ತಡಕ್ಕೆ ಸಿಕ್ಕ ಲೋಹ ನಿಧಾನಕ್ಕೆ ಜಗ್ಗುವುದು. ಮೂಟೆ ಹೊತ್ತ ಅಟ್ಟದ ಹಲಗೆ ಮುರಿಯದೆ ನಿಧಾನಕ್ಕೆ ಬಾಗುತ್ತದಲ್ವಾ, ಹಾಗೆ. ತೋಟಕ್ಕೆ ಬರುವ ಮೊದಲು ನಾನು ಡೈ ಕಾಸ್ಟಿಂಗ್ (ಅಚ್ಚಿನಲ್ಲಿ ಲೋಹ ಎರಕ ಹೊಯ್ಯುವ) ಕೆಲಸದಲ್ಲಿದ್ದೆ.

ನನ್ನ ಮೆಷಿನ್ನಿಗೂ ಹೀಗೇ ಆಗಿತ್ತು. ಮಗಳ ನೇಲ್ ಪಾಲಿಶ್ ತಗೊಂಡು ಬೋಲ್ಟ್ ತಲೆಯಿಂದ ಸಿಲಿಂಡರ್‌ವರೆಗೆ ಒಂದು ಗೆರೆ ಎಳೆದೆ. ಹತ್ತು ದಿನ ಬಿಟ್ಟು ನೋಡಿದರೆ ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅಲನ್ ಕೀ ಹಾಕಿದರೆ ಮಾತ್ರ ಬೋಲ್ಟ್ ಸಲೀಸಾಗಿ ತಿರುಗಿತು! ಅಂದರೆ ಬೋಲ್ಟ್ ಬಿಚ್ಚಿಕೊಂಡಿಲ್ಲ, ಅದು ಕಚ್ಚಿಕೊಂಡಿದ್ದ ಲೋಹವೇ ಜಗ್ಗಿದೆ. ಅಲ್ಲಿ ಥ್ರೆಡ್ ಲಾಕರ್ ಏನು ಮಾಡೀತು?

ಎರಕಕ್ಕೆ ಜಾಸ್ತಿ ಬಳಸುವುದು ಎಝಡ್91 ಅನ್ನುವ ಮ್ಯಾಗ್ನೀಸಿಯಂ ಮಿಶ್ರಲೋಹ. ಅದರಲ್ಲಿ ಸುಮಾರು ಶೇ. 9 ಅಲ್ಯೂಮಿನಿಯಂ, ಶೇ. 1 ಸತು. ಅಲ್ಯೂಮಿನಿಯಂ ಇದ್ದರೆ ಎರಕ ಅಚ್ಚಿನೊಳಗೆ ಚೆನ್ನಾಗಿ ಹರಿಯುತ್ತದೆ. ತೊಂದರೆಯೂ ಅದರಿಂದಲೇ. ಅದು ಮ್ಯಾಗ್ನೀಸಿಯಂ ಜೊತೆ ಸೇರಿ ಲೋಹದ ಹರಳುಗಳ ಅಂಚಿನಲ್ಲಿ ಕೂರುತ್ತದೆ, ಸುಮಾರು 120 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಹಳೇ ಬೀಟಲ್ ಕಾರಿನ ಇಂಜಿನ್ ಕೇಸೂ ಮ್ಯಾಗ್ನೀಸಿಯಮ್ಮೇ. ಬಿಸಿ ತಡೆಯಲಿ ಅಂತ ಫೋಕ್ಸ್‌ವ್ಯಾಗನ್‌ನವರು ಸಿಲಿಕಾನ್ ಬೆರೆಸಿದ ಎಎಸ್41 ಬಳಸಿದರು.

ಇನ್ನೊಂದು ವಿಷಯ. ಮ್ಯಾಗ್ನೀಸಿಯಂ ಬಿಸಿಗೆ ಹಿಗ್ಗುವುದರ ಅರ್ಧದಷ್ಟೂ ಉಕ್ಕಿನ ಬೋಲ್ಟ್ ಹಿಗ್ಗುವುದಿಲ್ಲ. ಇಂಜಿನ್ ಕಾದಾಗ ಹಿಡಿತ ತಾನಾಗಿಯೇ ಹೆಚ್ಚುತ್ತದೆ. ಆ ಒತ್ತಡಕ್ಕೇ ಲೋಹ ಜಗ್ಗುತ್ತದೆ, ತಣ್ಣಗಾದಾಗ ಬೋಲ್ಟ್ ಸಡಿಲ. ಅದರ ಮೇಲೆ ನೀವೂ ಬಿಗಿ ಮಾಡಿದರೆ ಕೇಸಿನ ಥ್ರೆಡ್ ಕಿತ್ತು ಬರುತ್ತದೆ, ಅಷ್ಟೇ.

ಕುಶಾಲನಗರದಿಂದ:
ರಿಪೇರಿ ಮಾಡುವವನು ನಾನು. ಮೊದಲು ಸಿಲಿಂಡರಿನ ರೆಕ್ಕೆ ನೋಡಿ ಸಾರ್. ಎಣ್ಣೆ, ಮರದ ಪುಡಿ ಸೇರಿ ಗಾರೆ ಹಾಗೆ ಗಟ್ಟಿಯಾಗಿರುತ್ತದೆ. ಗಾಳಿಯಾಡದೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಪೆಟ್ರೋಲಿಗೆ ಬೆರೆಸುವ ಆಯಿಲ್ ಕಮ್ಮಿ ಮಾಡಬೇಡಿ. ಪೂರ್ತಿ ತಣ್ಣಗಾದ ಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಅದೂ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚಿನಲ್ಲಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಕೂರಿಸಬಹುದು. ಆದರೆ ಡ್ರಿಲ್ ಮಾಡುವಾಗ ಬಿದ್ದ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಣ ಮರಳು ಹತ್ತಿರ ಇಟ್ಟುಕೊಳ್ಳಿ. ನಮ್ಮಲ್ಲಿದ್ದ ಒಬ್ಬ ಹುಡುಗ ಒಂದು ಚೊಂಬು ನೀರು ಎರಚಿ ಹುಬ್ಬು ಸುಟ್ಟುಕೊಂಡ.

ಗೋಣಿಕೊಪ್ಪದಿಂದ:
ಕವರ್ ಬಿಚ್ಚಿದೆ. ಒಂದು ಬದಿಯಲ್ಲಿ ರೆಕ್ಕೆಗಳೇ ಕಾಣಲಿಲ್ಲ, ಪೂರ್ತಿ ಸಿಲ್ವರ್ ಓಕ್ ಪುಡಿ. ಬ್ರಷ್ ಹಾಕಿ ತೆಗೆದಿದ್ದೇನೆ. ಗೆರೆಯೂ ಎಳೆದಾಯಿತು, ಮನೆಯವಳ ಹತ್ತಿರ ಬೈಸಿಕೊಂಡು. ಹತ್ತು ದಿನ ಬಿಟ್ಟು ಬರೆಯುತ್ತೇನೆ.